ದುಬೈ ಪಾರ್ಟಿ ಗಾಡಿ

ತಿಮ್ಮಜ್ಜಿಯ ಮೂಗಿನ ಮಾತನ್ನು ಆ ಮನೆಯಲ್ಲಿ ಯಾರೂ ನಂಬದೆ ಒಂದು ವರ್ಷವಾಗಿತ್ತು. ಡಯಾಲಿಸಿಸ್ ಶುರುವಾದ ದಿನವೇ ಡಾಕ್ಟರು ಅವಳಿಗೆ ಉಪ್ಪು, ಒಣಮೀನು, ಎಳನೀರು ಮೂರನ್ನೂ ನಿಲ್ಲಿಸಿದ್ದರು. ಕುಡಿಯುವ ನೀರನ್ನು ಸೊಸೆ ವಿನುತಾ ದಿನಕ್ಕಿಷ್ಟು ಎಂದು ಸ್ಟೀಲಿನ ಚೊಂಬಿನಲ್ಲಿ ಅಳೆದಿಡುತ್ತಿದ್ದಳು. ಅಂದಿನಿಂದ ಮುದುಕಿ ಕಂಡದ್ದಕ್ಕೆಲ್ಲ ಮೂಗರಳಿಸುವುದನ್ನು ಶುರುಮಾಡಿದ್ದಳು. ಮೂರನೇ ಮನೆಯಲ್ಲಿ ಸಿಗಡಿ ಹುರಿಯುತ್ತಿದ್ದಾರೆ. ಬಸ್ಸಿನ ಕಂಡಕ್ಟರು ಬೆಳಿಗ್ಗೆ ಒಣ ಬಂಗಡೆ ತಿಂದು ಬಂದಿದ್ದಾನೆ. ಸೂಜಿ ಚುಚ್ಚುವ ನರ್ಸಿನ ಕೈ ನಿನ್ನೆ ತಾರ್ಲೆ ಮೀನಿನ ಸಾರು ಕಲಸಿದ್ದು.

"ಆಸೆಗೆ ಅವ್ವಿ ಮೂಗಿಗೂ ಕನಸು ಬೀಳ್ತದೆ," ಎಂದು ಮಗ ಮೋಹನ ನಗುತ್ತಿದ್ದ. ಅವನು ಕುಮಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿಯ ಟೆಂಪೋ ಓಡಿಸುವುದೂ ಅವನೇ.

ಚೌತಿ ಮುಗಿದ ಭಾನುವಾರ ಧಾರೇಶ್ವರದ ಅವರ ಮನೆಯಂಗಳಕ್ಕೆ ಏಳು ಸೀಟಿನ ಬಿಳಿ ಗಾಡಿಯೊಂದು ಬಂದು ನಿಂತಿತು. ಕನ್ನಡಿಗೆ ಮಲ್ಲಿಗೆ ದಂಡೆ, ಎದುರಿಗೆ ಪುಟ್ಟ ಗಣಪತಿ, ಒಳಗೆಲ್ಲ ಅತ್ತರಿನ ಘಮ. ಇಳಿದವನು ವಿನುತಾಳ ತಮ್ಮ ದಿವಾಕರ. ಹೊನ್ನಾವರದಲ್ಲಿ ಹೆದ್ದಾರಿಯ ಪಕ್ಕ ಹಳೆ ಕಾರುಗಳ ಯಾರ್ಡು ಇಟ್ಟುಕೊಂಡಿದ್ದ. ಅಪ್ಪ ಅಮ್ಮ ತೀರಿಹೋದ ಮೇಲೆ ವಿನುತಾಳಿಗೆ ತವರು ಅಂತ ಉಳಿದದ್ದು ಇವನೊಬ್ಬನೇ. ಪ್ರತಿ ಚೌತಿಗೆ ಸೀರೆ, ತೆಂಗಿನಕಾಯಿ, ಎರಡು ಡಜನ್ ಬಾಳೆಹಣ್ಣು ಹಿಡಿದು ಬರುವುದನ್ನು ಅವನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಕೊರೋನಾ ವರ್ಷವೂ ಪೊಲೀಸರ ಕೈಯಲ್ಲಿ ಎರಡು ಪೆಟ್ಟು ತಿಂದು ಬಂದಿದ್ದ.

"ಅತ್ತೆ, ಬನ್ನಿ, ಹತ್ತಿ ನೋಡಿ," ಎಂದು ಪಕ್ಕಕ್ಕೆ ಜಾರುವ ಬಾಗಿಲನ್ನು ಒಂದೇ ಬೆರಳಲ್ಲಿ ಎಳೆದ.

ಬಸ್ಸಿನ ಮೆಟ್ಟಿಲು ತಿಮ್ಮಜ್ಜಿಗೆ ದೊಡ್ಡ ಗುಡ್ಡ. ಸೋಮವಾರ, ಗುರುವಾರ ಕುಮಟೆ ಆಸ್ಪತ್ರೆಗೆ ಹೋಗುವಾಗ ವಿನುತಾ ಕೆಳಗಿಂದ ದೂಡಬೇಕು, ಯಾರೋ ಪುಣ್ಯಾತ್ಮರು ಮೇಲಿಂದ ಎಳೆಯಬೇಕು. ಈ ಗಾಡಿಗೆ ಅವಳು ತಾನಾಗಿಯೇ ಹತ್ತಿ ಕೂತಳು. ಮುಖ ಅರಳಿತು. ಮರುಕ್ಷಣ ಮೂಗೂ ಅರಳಿತು.

"ಮೀನು ನಾತ," ಎಂದಳು.

ಅಂಗಳದಲ್ಲಿದ್ದವರೆಲ್ಲ ನಕ್ಕರು.

"ಅಜ್ಜಿ, ಅಮ್ಮ ಒಳಗೆ ಬಂಗಡೆ ಹುರಿತಾ ಇದ್ಲು," ಎಂದಳು ಮೊಮ್ಮಗಳು ಸುಚಿತಾ. ಅವಳು ಹೊನ್ನಾವರದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಓದುವುದಕ್ಕಿಂತ ಹೆಚ್ಚು ಹೊತ್ತು ಫೋನಿನಲ್ಲಿರುತ್ತಾಳೆಂಬುದು ಮನೆಯವರ ದೂರು.

"ಹುರಿದ ನಾತ ನಂಗೆ ಗೊತ್ತಿಲ್ವಾ? ಇದು ಐಸು ಕರಗಿದ ನೀರಿನ ನಾತ. ಪೆಟ್ಟಿಗೆ ಅಡೀಲಿ ನಿಂತ ನೀರಿಂದು." ತಿಮ್ಮಜ್ಜಿ ಹುಟ್ಟಿದ್ದು ಭಟ್ಕಳದ ತೆಂಗಿನಗುಂಡಿಯಲ್ಲಿ, ನಲವತ್ತು ವರ್ಷ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತವಳು.

"ಅತ್ತೆ, ಇದು ದುಬೈ ಪಾರ್ಟಿ ಗಾಡಿ," ದಿವಾಕರ ಬಾನೆಟ್ಟನ್ನು ಎಮ್ಮೆಯ ಬೆನ್ನು ಸವರಿದ ಹಾಗೆ ಸವರಿದ. "ಭಟ್ಕಳದವರದ್ದು. ವರ್ಷಕ್ಕೆ ಒಂದು ತಿಂಗಳು ರಜೆಗೆ ಬಂದಾಗ ಓಡಿಸೂದು, ಹನ್ನೊಂದು ತಿಂಗಳು ಬಟ್ಟೆ ಹೊದಿಸಿ ಶೆಡ್ಡಲ್ಲಿ ನಿಲ್ಸೂದು. ಆರು ವರ್ಷಕ್ಕೆ ಹದಿನೆಂಟು ಸಾವಿರ ಕಿಲೋಮೀಟರು. ನಮ್ಮನೆ ಸೈಕಲ್ಲು ಇದಕ್ಕಿಂತ ಹೆಚ್ಚು ಓಡಿದೆ."

ಭಟ್ಕಳದಿಂದ ಕುಮಟೆಯವರೆಗೆ ಯಾರಿಗೇ ಆಗಲಿ 'ದುಬೈ ಪಾರ್ಟಿ' ಎಂದರೆ ಮುಗಿಯಿತು. ಆಮೇಲೆ ಬಾನೆಟ್ಟು ಎತ್ತಿ ನೋಡುವವನನ್ನು ಜನ ಅನುಮಾನದ ಪಿಶಾಚಿ ಅನ್ನುತ್ತಾರೆ. ಅಂಗಡಿಯಲ್ಲಿ ಒಂದು ನಲ್ಲಿಯನ್ನೂ ಮೂರು ಸಲ ಕುಟ್ಟಿ ನೋಡುವ ಮೋಹನ ಕೂಡ ಬಗ್ಗಿ ಮೀಟರು ನೋಡಿದ. ಹದಿನೆಂಟು ಸಾವಿರವೇ ಇತ್ತು. ತಲೆಯಾಡಿಸಿದ.

"ಮಾವ, ಸರ್ವಿಸ್ ಹಿಸ್ಟರಿ?" ಸುಚಿತಾ ಫೋನಿನಿಂದ ತಲೆಯೆತ್ತಿದಳು.

"ಹಿಸ್ಟರಿ ಬೇಕಿದ್ರೆ ನೀ ಬಿ.ಎ. ಓದ್ಬೇಕಿತ್ತು ಮಗಾ."

"ತಮಾಷೆ ಬೇಡ ಮಾವ. ಯಾವಾಗ ಎಲ್ಲಿ ಸರ್ವಿಸ್ ಆಗಿದೆ, ಆಗ ಎಷ್ಟು ಕಿಲೋಮೀಟರು ಅಂತ ಕಂಪನಿಯವ್ರ ಹತ್ರ ಇರ್ತದೆ. ಪುಸ್ತಕ ಎಲ್ಲದೆ?"

"ಪುಸ್ತಕ ಅವರ ಬ್ಯಾಗಲ್ಲಿ ದುಬೈಗೇ ಹೋಗಿದೆ. ಬೇಕಿದ್ರೆ ನೀ ಹೋಗಿ ತಕಂಬಾ, ಟಿಕೇಟು ನಾ ಮಾಡಸ್ತೆ."

ಮತ್ತೆ ನಗು. ಊಟಕ್ಕೆ ಕೂತಾಗ ವಿನುತಾ ತಮ್ಮನ ತಟ್ಟೆಗೆ ದೊಡ್ಡ ಬಂಗಡೆ ಎರಡು ಹಾಕಿದಳು. ತಿಮ್ಮಜ್ಜಿಗೆ ಉಪ್ಪಿಲ್ಲದ ಗಂಜಿ, ಬೇಯಿಸಿ ನೀರು ಬಸಿದ ಹೀರೇಕಾಯಿ.

"ಅಮ್ಮ, ಒಂದ್ಸಲ ಕೇಳೂಕೆ ಎಂತ?" ಸುಚಿತಾ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

"ನನ್ನ ತಮ್ಮನ ಹತ್ರ ಸಾಕ್ಷಿ ಕೇಳೂದಾ? ಬೇರೆಯವ್ರಾದ್ರೆ ಕೇಳು, ಯಾರು ಬೇಡ ಅಂದ್ರು?" ಎಂದ ವಿನುತಾ ಕಪಾಟಿನಿಂದ ಮುಂಗಡದ ದುಡ್ಡು ತೆಗೆದಳು. ಉಳಿದದ್ದು ಸಂಘದಲ್ಲಿ ಅವಳು ಹತ್ತು ವರ್ಷ ಕಟ್ಟಿದ ಉಳಿತಾಯ. ಅದು ಕೈಗೆ ಬರುವಷ್ಟರಲ್ಲಿ ಪಿತೃಪಕ್ಷ ಬಂದಿರುತ್ತಿತ್ತು. ಪಕ್ಷದ ಹದಿನೈದು ದಿನ ಯಾರೂ ಮನೆಗೆ ಹೊಸ ಗಾಡಿ ತರುವುದಿಲ್ಲ. ಹಾಗಾಗಿ ಆಯುಧ ಪೂಜೆಯ ದಿನವೇ ತರುವುದೆಂದು ಮಾತಾಯಿತು.

ಮರುದಿನ ಸೋಮವಾರ. ಆಸ್ಪತ್ರೆಯಲ್ಲಿ ತಿಮ್ಮಜ್ಜಿ ನಾಲ್ಕು ತಾಸು ಮೆಷಿನ್ನಿಗೆ ಕೈಕೊಟ್ಟು ಮಲಗಿದರೆ ಪಕ್ಕದ ಮಂಚದಲ್ಲಿ ಸುಕ್ರಿ. ಕೊರಳ ತುಂಬ ಕರಿಮಣಿ ಸರ ಹಾಕಿದ ಹಾಲಕ್ಕಿ ಹೆಂಗಸು. ರಕ್ತ ನಳಿಗೆಯಲ್ಲಿ ಓಡುವಾಗ ಕಣ್ಣುಮುಚ್ಚಿ ಹಾಡು ಹೇಳುತ್ತಿದ್ದಳು. ನರ್ಸುಗಳು ಕೂಡ ದನಿ ತಗ್ಗಿಸಿ ಕೇಳುತ್ತಿದ್ದರು. ಅವಳ ಗಂಡ ಹಮ್ಮ ಗೌಡ ಹೊರಗಿನ ಬೆಂಚಿನಲ್ಲಿ ವಿನುತಾಳ ಜತೆ ಕೂತಿರುತ್ತಿದ್ದ. ತರಕಾರಿ ಬೆಳೆದು ಕುಮಟೆಗೆ ತಂದು ಮಾರುವವನು. ಹೊಲದ ಬದನೆಕಾಯಿ ಎರಡಾದರೂ ವಿನುತಾಳ ಚೀಲಕ್ಕೆ ಹಾಕದೆ ಅವನು ಎದ್ದದ್ದಿಲ್ಲ.

"ಗೌಡ್ರೆ, ಇನ್ನು ನಂಗೆ ಬಸ್ಸಿನ ಕಾಟ ಇಲ್ಲ," ಎಂದಳು ವಿನುತಾ. "ತಮ್ಮ ಗಾಡಿ ಕೊಡಸ್ತಾ ಇದ್ದ. ದುಬೈ ಪಾರ್ಟಿದು. ನಿಮ್ಗೂ ಬೇಕಿದ್ರೆ ಹೇಳಿ. ಅವ ಕೊಟ್ಟದ್ದು ಅಂದ್ರೆ ಕಣ್ಣುಮುಚ್ಚಿ ತಕಳ್ಳಿ."

"ಹೌದನೆ ತಂಗಿ? ನಮ್ಮ ರಿಕ್ಷಾದವ ಈಗ ಗುಡ್ಡ ಹತ್ತೂದಿಲ್ಲ ಅಂತ. ಮಗನೂ ಗಾಡಿ ಗಾಡಿ ಅಂತ ಹಾರ್ತಾ ಇದ್ದ. ನಂಬರು ಕೊಡು ಹಂಗಾದ್ರೆ."

ವಿನುತಾ ತಮ್ಮನ ನಂಬರನ್ನು ಔಷಧಿ ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಳು.

ಪಕ್ಷ ಶುರುವಾಗಿ ಮೂರನೇ ದಿನ ರಾದ್ಧಾಂತವಾಯಿತು. ಇನ್ಶೂರೆನ್ಸಿಗೆಂದು ದಿವಾಕರ ಗಾಡಿಯ ಆರ್‌ಸಿ ಕಾರ್ಡಿನ ಫೋಟೋವನ್ನು ಸುಚಿತಾಳ ಫೋನಿಗೆ ಕಳಿಸಿದ್ದ. ಅವಳು ಅದನ್ನು ಹಿಡಿದು ಕುಮಟೆಯ ಸರ್ವಿಸ್ ಸೆಂಟರಿಗೆ ಹೋಗಿಬಂದಿದ್ದಳು.

"ಕೊಡೂದಿಲ್ಲ ಅಂದ್ರು," ಎಂದಳು ಊಟಕ್ಕೆ ಕೂತಾಗ. "ಮಾಲೀಕರ ಫೋನಿಗೆ ಒಂದು ನಂಬರು ಬರ್ತದೆ, ಅವರು ಅದನ್ನ ಹೇಳಿದ್ರೆ ಮಾತ್ರ ಹಿಸ್ಟರಿ ತೆರೀತದೆ ಅಂತ. ಆದರೆ ಅಲ್ಲಿದ್ದವ ಕಂಪ್ಯೂಟರ್ ನೋಡಿ ಒಂಥರಾ ಮುಖ ಮಾಡ್ದ. 'ನೋಡ್ಕಂಡೇ ತಕಳ್ಳಿ' ಅಂದ."

ವಿನುತಾ ಸೌಟನ್ನು ಸಾರಿನ ಪಾತ್ರೆಗೆ ಬಿಟ್ಟಳು. ಸಾರು ಮೋಹನನ ಅಂಗಿಗೆ ಹಾರಿತು.

"ಯಾರನ್ನ ಕೇಳಿ ಹೋದೆ ನೀನು?"

"ಯಾರನ್ನ ಕೇಳ್ಬೇಕಿತ್ತು?"

"ನಾಳೆ ಅದು ಅವನ ಕಿವಿಗೆ ಬಿದ್ರೆ? ಅಕ್ಕನ ಮನೆಯವ್ರೇ ನನ್ನ ಕಳ್ಳ ಅಂದ್ರು ಅಂತ ಅವ ತಿರುಗಿ ಈ ಮೆಟ್ಟಿಲು ಹತ್ತೂದಾ? ನಿಂಗೆ ಅಪ್ಪಯ್ಯನ ಕಡೆ ಐದು ಮನೆ ಅದೆ. ನಂಗೆ ಎಷ್ಟದೆ? ಒಂದು."

"ಅವ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ," ಎಂದ ಮೋಹನ ಅಂಗಿ ಒರೆಸುತ್ತ. "ಹುಡುಗಿ ಕೇಳಿದ್ರಲ್ಲಿ ತಪ್ಪೆಂತ? ಅಂಗಡಿಗೆ ಪೈಪು ಬಂದ್ರೆ ನಾವು ಬಿಲ್ಲು ನೋಡೂದಿಲ್ವಾ?"

"ಮೀಟರಿಗೆ ತಲೆ ಹಾಕಿ ತಲೆ ಆಡ್ಸಿದವ್ರು ನೀವು. ಆವತ್ತೇ ಕೇಳ್ಬೇಕಿತ್ತು."

"ನಿನ್ನ ಎದುರು ನಿನ್ನ ತಮ್ಮನ್ನ ಕೇಳೂಕೆ ನಂಗೆ ಎರಡು ತಲೆ ಬೇಕು ಮಾರಾಯ್ತಿ."

ತಿಮ್ಮಜ್ಜಿ ತನ್ನ ಅಳತೆಯ ನೀರಿನಲ್ಲಿ ಒಂದು ಗುಟುಕು ಕುಡಿದು ಚೊಂಬು ಕೆಳಗಿಟ್ಟಳು. "ನಾ ಆವತ್ತೇ ಹೇಳ್ದೆ. ಆ ಗಾಡಿ ಮೀನು ಹೊತ್ತಿದೆ."

"ಅತ್ತೆ, ನೀವು ಸುಮ್ನೆ ಇರಿ."

"ಸುಮ್ನೇ ಇದ್ದೆ. ನಾಲ್ಕು ಗುಟುಕು ನೀರು, ಒಂದು ಮುಷ್ಟಿ ಗಂಜಿ, ಮಾತೂ ಅಳತೆ ಮಾಡಿ ಕೊಡು ಇನ್ನು."

ಆ ರಾತ್ರಿ ವಿನುತಾ ಉಣ್ಣಲಿಲ್ಲ. ಬೆಳಿಗ್ಗೆ ಸುಚಿತಾ ತಲೆ ಬಾಚುತ್ತಿರುವಾಗ ಎದುರಿಗೆ ಬಂದು ನಿಂತಳು. "ಆ ಕಾರ್ಡಲ್ಲಿ ಮನೆ ವಿಳಾಸ ಅದೆ ಅಲ್ವಾ? ನಡಿ, ಭಟ್ಕಳಕ್ಕೆ ಹೋಗ್ವ. ಅವರ ಬಾಯಿಂದಲೇ ಕೇಳು. ಅವರು ಸರಿ ಅಂದ ಮೇಲೆ ನೀ ಹೊನ್ನಾವರದಲ್ಲಿ ಇಳಿದು ಮಾವನ ಕಾಲು ಹಿಡೀಬೇಕು."

"ಆತು," ಎಂದಳು ಸುಚಿತಾ. "ಸರಿ ಇಲ್ಲದಿದ್ರೆ?"

ವಿನುತಾ ಸೀರೆಯ ನೆರಿಗೆ ಸರಿಮಾಡಿಕೊಂಡಳು. ದಿವಾಕರ ಈ ಚೌತಿಗೆ ತಂದ ಸೀರೆಯನ್ನೇ ಉಟ್ಟಿದ್ದಳು.

ಭಟ್ಕಳದಲ್ಲಿ ತೆಂಗಿನಗುಂಡಿ ರಸ್ತೆಗೆ ಇಳಿದು ಇಬ್ಬರನ್ನು ಕೇಳುವಷ್ಟರಲ್ಲಿ ಮನೆ ಸಿಕ್ಕಿತು. ದೊಡ್ಡ ಗೇಟು, ಅಂಗಳದಲ್ಲಿ ಖಾಲಿ ಶೆಡ್ಡು. ಬಾಗಿಲು ತೆಗೆದ ಹಿರಿಯ ಹೆಂಗಸು ಮೊದಲು ನವಾಯತಿಯಲ್ಲಿ ಏನೋ ಕೇಳಿ, ಇವರ ಮುಖ ನೋಡಿ ಕನ್ನಡಕ್ಕೆ ತಿರುಗಿದಳು. ಸುಚಿತಾ ಗಾಡಿಯ ನಂಬರು ಹೇಳಿದ್ದೇ ತಡ, ಅವಳು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ಸೋಫಾದ ಮೇಲೆ ಸುರಿದಳು.

"ನೀವೇನಾ ಆ ಗಾಡಿಯವರು? ಅಲ್ಲಾ, ಮೂರು ವರ್ಷದಿಂದ ಹುಡುಕ್ತಿದ್ದೇವೆ. ನೋಡಿ, ನೋಡಿ ಇದು."

ದಂಡದ ನೋಟಿಸುಗಳು. ಅತಿವೇಗ, ಅತಿವೇಗ, ಮತ್ತೆ ಅತಿವೇಗ. ಪ್ರತಿ ಕಾಗದದಲ್ಲೂ ರಸ್ತೆಯ ಕ್ಯಾಮೆರಾ ತೆಗೆದ ಚಿತ್ರ: ಅದೇ ಬಿಳಿ ಗಾಡಿ, ಹಿಂದೆ ಸೀಟುಗಳಿಲ್ಲ, ಗಾಜಿನವರೆಗೆ ಥರ್ಮೋಕೋಲಿನ ಪೆಟ್ಟಿಗೆಗಳು. ಸಮಯ ಬೆಳಗಿನ ಜಾವ ನಾಲ್ಕು, ನಾಲ್ಕೂವರೆ. ಒಂದು ಗೋವಾ ದಾರಿಯದು, ಒಂದು ಉಡುಪಿಯ ಆಚೆಯದು.

"ನಿಮ್ಮ ಗಾಡಿ ಶೆಡ್ಡಲ್ಲಿ ನಿಂತಿರ್ತಿತ್ತಂತೆ," ಎಂದಳು ವಿನುತಾ.

"ನಿಂತಿತ್ತಮ್ಮ. ಮೂರು ವರ್ಷದ ಹಿಂದಿನವರೆಗೆ. ಆಮೇಲೆ ಮಗ ಒಬ್ಬ ಬ್ರೋಕರನಿಗೆ ಕೊಟ್ಟ. ಅವ ಹೆಸರು ಬದಲಾಯಿಸದೆ ಓಡಿಸಿದ. ಮೀನು ಅವ ಒಯ್ಯೋದು, ದಂಡ ನಮಗೆ ಬರೋದು."

ಸುಚಿತಾ ತನ್ನ ಫೋನಿನಲ್ಲಿ ಕಂಪನಿಯ ಆ್ಯಪ್ ತೆರೆದು ಗಾಡಿಯ ನಂಬರು ಹಾಕಿದಳು; ಆ ಹೆಂಗಸು ಶಾರ್ಜಾದಲ್ಲಿದ್ದ ಮಗನಿಗೆ ವೀಡಿಯೋ ಕಾಲು ಹಚ್ಚಿದಳು. ಅವನು ಪಾಪ ಊಟದ ನಡುವೆ ಕೈಯನ್ನೂ ತೊಳೆಯದೆ, ತನ್ನ ಫೋನಿಗೆ ಬಂದ ನಾಲ್ಕು ಅಂಕಿ ಓದಿ ಹೇಳಿದ. ಸುಚಿತಾಳ ಫೋನಿನಲ್ಲಿ ಹಿಸ್ಟರಿ ತೆರೆಯಿತು.

ಮೊದಲ ಮೂರು ವರ್ಷ ಭಟ್ಕಳದವರು ಕ್ರಮವಾಗಿ ಸರ್ವಿಸ್ ಮಾಡಿಸಿದ್ದರು. ಕೊನೆಯದು ಹದಿನಾಲ್ಕು ಸಾವಿರ ಕಿಲೋಮೀಟರಿಗೆ. ಆಮೇಲೆ ಒಂದೂವರೆ ವರ್ಷ ಏನೂ ಇಲ್ಲ. ಹೋದ ವರ್ಷ ಜನವರಿಯಲ್ಲಿ ಉಡುಪಿಯಲ್ಲಿ ಒಂದು ನಮೂದು. ತೊಂಬತ್ತಾರು ಸಾವಿರದ ನಾನೂರ ಹನ್ನೆರಡು ಕಿಲೋಮೀಟರು. ಅದರ ಕೆಳಗೆ ಮೆಕ್ಯಾನಿಕ್ಕಿನ ಷರಾ: ನೆಲದ ತಗಡು ತುಕ್ಕು. ಬ್ರೇಕ್ ಪೈಪು ತುಕ್ಕು, ತಕ್ಷಣ ಬದಲಿಸಬೇಕು. ಗಿರಾಕಿ ಬೇಡವೆಂದರು.

"ಹೋದ ವರ್ಷ ತೊಂಬತ್ತಾರು, ಈ ವರ್ಷ ಹದಿನೆಂಟು," ಎಂದಳು ಸುಚಿತಾ. "ಗಾಡಿ ಇಡೀ ವರ್ಷ ರಿವರ್ಸಲ್ಲೇ ಓಡಿದೆ ಅಮ್ಮ."

ವಿನುತಾ ನಗಲಿಲ್ಲ. ಆ ಮನೆಯವಳು ತಂದಿಟ್ಟ ಚಹಾ ಕೆನೆಗಟ್ಟಿತು.

ತಿರುಗಿ ಬರುವಾಗ ಹೊನ್ನಾವರ ಬಂದರೂ ಇಬ್ಬರೂ ಇಳಿಯಲಿಲ್ಲ. ಮನೆಯಲ್ಲಿ ಸುದ್ದಿ ಕೇಳಿದ ಮೋಹನ ಕೂತಲ್ಲಿಂದ ಎದ್ದು ಅಂಗಿ ತೊಟ್ಟ. "ಈಗಲೇ ಹೋಗ್ತೆ. ನಾಲ್ಕು ಜನರ ಎದುರು ಅವನ ಕೊರಳಪಟ್ಟಿ ಹಿಡಿದು ಕೇಳ್ತೆ. ಅವ್ವಿ ಕೂರೂ ಗಾಡಿಗೆ ಬ್ರೇಕಿಲ್ಲ ಅಂದ್ರೆ!"

"ನೀವು ಹೋಗೂದು ಬೇಡ. ನಾ ಹೋಗ್ತೆ. ಒಬ್ಳೇ."

"ಅಳೂಕೆ ಹೋಗ್ತೀಯಾ?"

"ಮುಂಗಡ ತರೂಕೆ ಹೋಗ್ತೆ."

ಸುಚಿತಾ ಹಿಸ್ಟರಿಯನ್ನು ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಇಂಗ್ಲಿಷ್ ಸಾಲುಗಳ ಕೆಳಗೆಲ್ಲ ಪೆನ್ನಿನಲ್ಲಿ ಕನ್ನಡ ಬರೆದುಕೊಟ್ಟಳು. ವಿನುತಾ ಅದನ್ನು ಅತ್ತೆಯ ಆಸ್ಪತ್ರೆಯ ಫೈಲಿನೊಳಗೆ ಮಡಿಸಿಟ್ಟುಕೊಂಡು ಹೊನ್ನಾವರದ ಬಸ್ಸು ಹತ್ತಿದಳು.

ದಿವಾಕರ ಯಾರ್ಡಿನಲ್ಲಿ ಒಬ್ಬನೇ ಇದ್ದ. ಅಕ್ಕನನ್ನು ಕಂಡು ಮುಖವೆಲ್ಲ ಬಾಯಾಯಿತು. "ಅಕ್ಕ, ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ. ಊಟ ಆತಾ?"

ಅವಳು ಕಾಗದ ಮುಂದೆ ಹಿಡಿದಳು. ಅವನು ಓದಿದ. ಓದುತ್ತ ಓದುತ್ತ ಕುರ್ಚಿಗೆ ಕೂತ.

"ನಿಂಗೆ ಗೊತ್ತಿತ್ತಾ?"

"ನಂಗೂ ಆ ಬ್ರೋಕರ್ ಹೇಳಿದ್ದು ಇಷ್ಟೇ, ದುಬೈ ಪಾರ್ಟಿ ಅಂತ."

"ಮೀಟರು?"

ಅವನು ಮೇಜಿನ ಮೇಲಿನ ಕೀಲಿಕೈಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ. "ಎಲ್ಲರೂ ಮಾಡ್ತಾರೆ ಅಕ್ಕ. ಮಾಡ್ದಿದ್ರೆ ಈ ವ್ಯಾಪಾರದಲ್ಲಿ ಒಂದು ವಾರ ನಿಲ್ಲೂಕಾಗೂದಿಲ್ಲ."

"ನನ್ನ ಅತ್ತೆ ಕೂರೂ ಗಾಡಿಗೂ?"

"ಪೈಪು ಹಾಕ್ಸಿ ಕೊಡ್ವ ಅಂತಲೇ ಇದ್ದೆ."

"ಯಾವಾಗ?"

ಹೊರಗೆ ಲಾರಿಯೊಂದು ಹಾರ್ನು ಬಾರಿಸುತ್ತ ಹೋಯಿತು. ದಿವಾಕರ ಎದ್ದು ಡ್ರಾಯರು ಎಳೆದು ಮುಂಗಡದ ಕಟ್ಟನ್ನು ತೆಗೆದು ಅವಳ ಕೈಯಲ್ಲಿಟ್ಟ. ರಬ್ಬರ್ ಬ್ಯಾಂಡು ಕೂಡ ಅವಳು ಹಾಕಿದ್ದೇ.

"ತಕ. ನಿಂಗೆ ಒಂದು ರೂಪಾಯಿ ಮೋಸ ಆಗ್ಲಿಲ್ಲ. ಆದರೆ ಅಕ್ಕ, ಇದನ್ನ ಹೊರಗೆ ಹೇಳ್ಬೇಡ. ಈಗಷ್ಟೇ ಬ್ಯಾಂಕಿನ ಸಾಲ ತೆಗೆದು ಈ ಯಾರ್ಡು ದೊಡ್ಡ ಮಾಡಿದ್ದು. ಜನರ ಬಾಯಿಗೆ ಬಿದ್ರೆ ಬಾಗಿಲು ಮುಚ್ಚೂದೇ. ನಂಗೂ ಎರಡು ಮಕ್ಕಳಿದ್ದಾವೆ. ಅಮ್ಮನ ಫೋಟೋ ನೋಡು, ಅಲ್ಲೇ ಅದೆ. ಹೇಳೂದಿಲ್ಲ ಅನ್ನು."

ಗೋಡೆಯ ಮೇಲೆ ಅವರಮ್ಮ ಹೂವಿನ ಹಾರದ ನಡುವಿನಿಂದ ನೋಡುತ್ತಿದ್ದಳು.

"ಆತು," ಎಂದಳು ವಿನುತಾ.

"ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರ್ತೆ, ನಿಲ್ಲು."

"ಬೇಡ. ನಡೀತೆ." ವಿನುತಾ ಕಾಗದವನ್ನು ಮತ್ತೆ ಫೈಲಿನೊಳಗೆ ಮಡಿಸಿಟ್ಟಳು.

ಮನೆಯಲ್ಲಿ ಆ ವಿಷಯ ಅಷ್ಟಕ್ಕೆ ಮುಚ್ಚಿಹೋಯಿತು. ಮತ್ತೆ ಬಸ್ಸು, ಮತ್ತೆ ಕೆಳಗಿಂದ ದೂಡುವುದು, ಮೇಲಿಂದ ಎಳೆಯುವುದು. ಮೋಹನ ಎರಡು ದಿನ ಗೊಣಗಿ ಸುಮ್ಮನಾದ. ಸುಚಿತಾ ಮಾತ್ರ ಪಾತ್ರೆ ತೊಳೆಯುವಾಗೊಮ್ಮೆ ಕೇಳಿದಳು, "ಅಮ್ಮ, ಆ ಗಾಡಿ ಎಂತ ಮಾಡ್ತಾರಂತೆ ಮಾವ?"

"ನಂಗೆ ಬೇಡ ಅದು. ನಮ್ಮ ದುಡ್ಡು ಬಂತಲ್ಲ?"

"ನಮ್ದು ಬಂತು."

"ಪಾತ್ರೆ ತೊಳಿ."

ನಡುವೆ ಎರಡು ವಾರ ಹಮ್ಮ ಗೌಡ ಆಸ್ಪತ್ರೆಗೆ ಬಂದಿರಲಿಲ್ಲ. ಬೆಳೆ ಕೊಯ್ಲಿನ ಗಡಿಬಿಡಿಯೆಂದು ಸುಕ್ರಿಯ ಜತೆ ಮಗ ಬರುತ್ತಿದ್ದ. ಅವನು ತಾಯಿಯನ್ನು ಮಲಗಿಸಿ ಬೈಕು ಹತ್ತಿ ಪೇಟೆಗೆ ಹೋಗಿಬಿಡುತ್ತಿದ್ದ. ಆಯುಧ ಪೂಜೆಯ ಹಿಂದಿನ ದಿನ, ಗುರುವಾರ, ಗೌಡನೇ ಬಂದ. ಬೆಂಚಿನಲ್ಲಿ ವಿನುತಾಳನ್ನು ಕಂಡದ್ದೇ ಚೀಲದಿಂದ ನಾಲ್ಕು ಬದನೆಕಾಯಿ, ಒಂದು ದೊಡ್ಡ ಸೌತೆಕಾಯಿ ತೆಗೆದು ಅವಳ ಮಡಿಲಲ್ಲಿಟ್ಟ.

"ಇದೆಂತ ಗೌಡ್ರೆ, ಇಷ್ಟೊಂದು?"

"ಇವತ್ತು ನಿಂಗೆ ಹೆಚ್ಚು ಕೊಡಬೇಕು ತಂಗಿ. ನಾಳೆ ನಮ್ಮನೆಗೆ ಗಾಡಿ ಬತ್ತದೆ. ನಿನ್ನ ತಮ್ಮ ಅಂದ್ರೆ ತಮ್ಮ ನೋಡು. ನಿನ್ನ ಹೆಸರು ಹೇಳಿದ್ದಕ್ಕೆ ಐದು ಸಾವಿರ ಇಳಿಸಿ ಕೊಟ್ಟ."

ಸೌತೆಕಾಯಿ ವಿನುತಾಳ ಮಡಿಲಿಂದ ಜಾರಿತು. ಗೌಡ ಹಿಡಿದು ಮತ್ತೆ ಇಟ್ಟ.

"ಯಾವ ಗಾಡಿ?"

"ಬಿಳೀದು. ಬಾಗಿಲು ಪಕ್ಕಕ್ಕೆ ಜಾರ್ತದೆ, ಸುಕ್ರಿಗೆ ಹತ್ತೂಕೆ ಸಸಾರ. ದುಬೈ ಪಾರ್ಟಿದಂತೆ, ಹದಿನೆಂಟು ಸಾವಿರ ಓಡಿದೆ ಅಷ್ಟೆ. ಮಗ ಬಾನೆಟ್ ತೆಗೀತೆ ಅಂದ. ನಾ ಬೈದೆ. ವಿನುತಾ ತಂಗಿ ಕಣ್ಣುಮುಚ್ಚಿ ತಕಳ್ಳಿ ಅಂದದ್ದು, ನೀ ಕಣ್ಣು ತೆರೆದು ಎಂತ ನೋಡೂದು ಅಂದೆ."

ವಿನುತಾ ತರಕಾರಿಗಳನ್ನು ಬೆಂಚಿನ ಮೇಲೆ ಒಂದೊಂದಾಗಿ ಇಟ್ಟು ಎದ್ದಳು. ನಲ್ಲಿಯ ಹತ್ತಿರ ಹೋಗಿ ಫೋನು ಹಚ್ಚಿದಳು.

"ದಿವಾಕರ, ಆ ಗೌಡ್ರಿಗೆ ಗಾಡಿ ಕೊಡಬೇಡ."

"ಅಕ್ಕ, ನಿನ್ನ ದುಡ್ಡು ಕೊಟ್ಟಾಯ್ತಲ್ಲ."

"ಪೈಪು ಹಾಕ್ಸಿದ್ಯಾ?"

"ಗಾಡಿ ಅಡೀಲಿ ಪೂರ್ತಿ ಬಣ್ಣ ಹೊಡ್ಸಿದ್ದೆ."

"ನಾ ಪೈಪು ಕೇಳಿದ್ದು."

"ಅಕ್ಕ, ನೋಡು. ದುಡ್ಡು ತಕಂಡಾಗಿದೆ, ಬ್ಯಾಂಕಿಗೆ ಕಟ್ಟಿಯೂ ಆಗಿದೆ. ನೀ ಅಮ್ಮನ ಎದುರು ಆತು ಅಂದಿದ್ದೆ. ಈಗ ಬಾಯಿ ಬಿಟ್ಯೋ, ನಾ ಇನ್ನು ನಿನ್ನ ಮನೆ ಮೆಟ್ಟಿಲು ಹತ್ತೂದಿಲ್ಲ. ಚೌತಿಗೂ ಇಲ್ಲ, ಸತ್ರೂ ಇಲ್ಲ. ತವರಿಲ್ಲ ಅಂತ ತಿಳ್ಕ."

ಫೋನು ಕಡಿದುಹೋಯಿತು. ವಿನುತಾ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ಕಿಟಕಿಯ ಗಾಜಿನಾಚೆ ಎರಡು ಮಂಚಗಳು ಕಾಣುತ್ತಿದ್ದವು. ಸುಕ್ರಿ ಕಣ್ಣುಮುಚ್ಚಿ ಹಾಡುತ್ತಿದ್ದಳು. ತಿಮ್ಮಜ್ಜಿ ತನ್ನ ಖಾಲಿ ಕೈಯನ್ನು ಹೊದಿಕೆಯ ಮೇಲೆ ತಟ್ಟುತ್ತ ತಾಳ ಹಾಕುತ್ತಿದ್ದಳು.

ವಿನುತಾ ಬೆಂಚಿಗೆ ಬಂದು ಅತ್ತೆಯ ಫೈಲು ಬಿಚ್ಚಿದಳು. ರಕ್ತದ ರಿಪೋರ್ಟುಗಳ ನಡುವೆ ಮಡಿಸಿಟ್ಟ ಕಾಗದ ಹಾಗೆಯೇ ಇತ್ತು. ತೆಗೆದು ಗೌಡನ ಕೈಗೆ ಕೊಟ್ಟಳು. ಕೊಟ್ಟರೆ ಮುಗಿಯಿತು, ತಾನು ಬಾಯಿ ಬಿಡಬೇಕಾಗಿಲ್ಲ ಅಂದುಕೊಂಡಳು.

ಗೌಡ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಚಾಚಿದ. "ನಂಗೆ ಓದೂಕೆ ಬರೂದಿಲ್ಲ ತಂಗಿ. ನೀನೇ ಓದು."

ಬ್ಯಾಗಿನೊಳಗೆ ಫೋನು ಬಡಿದುಕೊಳ್ಳತೊಡಗಿತು. ತಮ್ಮನೇ ಎಂದು ನೋಡದೆಯೂ ಗೊತ್ತಾಯಿತು. ವಿನುತಾ ಸುಚಿತಾಳ ಪೆನ್ನಿನ ಅಕ್ಷರಕ್ಕೆ ಬೆರಳಿಟ್ಟು ಮೊದಲ ಸಾಲು ಓದಿದಳು. ಎರಡನೆಯದು ಓದಿದಳು. ಹದಿನಾಲ್ಕು ಸಾವಿರ ಅಂದಳು. ತೊಂಬತ್ತಾರು ಸಾವಿರ ಅಂದಳು. ತುಕ್ಕಿನ ಸಾಲು, ಬ್ರೇಕಿನ ಸಾಲು ಬಂದಾಗ ತಡವರಿಸಿದಳು. ಮತ್ತೆ ಮೊದಲಿಂದ ಓದಿದಳು.

ಗೌಡ ತಲೆ ಬಾಗಿಸಿ ಪೂರ್ತಿ ಕೇಳಿದ. ಆಮೇಲೆ ಅವಳಿಗೇ ಸಮಾಧಾನ ಹೇಳುವವನಂತೆ ಮೆಲ್ಲಗೆ ಅಂದ, "ಇದು ಬೇರೆ ಯಾವ್ದೋ ಗಾಡಿ ಇರಬೇಕು ತಂಗಿ. ನಮ್ಮದು ನಿನ್ನ ತಮ್ಮ ಕೊಡೂದಲ್ವಾ?"

ಬ್ಯಾಗಿನಲ್ಲಿ ಫೋನು ಒಮ್ಮೆ ನಿಂತು ಮತ್ತೆ ಶುರುವಾಯಿತು.

"ಅದೇ ಗಾಡಿ ಗೌಡ್ರೆ," ಎಂದಳು ವಿನುತಾ. "ಅದೇ ತಮ್ಮ."